ನೀರಿನ ಟಾಕಿಯೊಳಗೆ ಒಬ್ಬ ಮನುಷ್ಯ

ಒಬ್ಬನೇ ಒಬ್ಬ ಮನುಷ್ಯ ಇರುವ ಸಿನಿಮಾವನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ನೋಡಿದ್ದೂ ಟಾಕೀಜಿನಲ್ಲಲ್ಲ, ವಿಜಯಪುರದ ಒಂದು ದವಾಖಾನೆಯಲ್ಲಿ, ಆಪರೇಷನ್ ಕೋಣೆಯ ಹೊರಗೆ. ಒಳಗೆ ನಮ್ಮ ಮನೆಯವರ ಹೃದಯದ ಆಪರೇಷನ್ ನಡೆದಿತ್ತು. ಹೊರಗೆ ಗೋಡೆಯ ಟಿವಿಯಲ್ಲಿ ಒಬ್ಬ ಖಾಲಿ ನೀರಿನ ಟಾಕಿಯೊಳಗೆ ಸಿಕ್ಕಿಬಿದ್ದಿದ್ದ.

ಟಾಕಿ ತೊಳೆಯಲು ಇಳಿದವನು. ಏಣಿ ಎರಡು ತುಂಡಾಗಿ ಮುರಿದು, ಮೇಲಿನ ಕಿಂಡಿ ಕೈಗೆ ಎಟುಕದಂತಾಗಿತ್ತು. ಸುತ್ತ ಸಿಮೆಂಟಿನ ಗೋಡೆ, ನೆತ್ತಿಯ ಮೇಲೆ ತಾಟಿನಷ್ಟಗಲ ಆಕಾಶ. ಬೇರೆ ಪಾತ್ರವಿಲ್ಲ, ಹಾಡಿಲ್ಲ. ದವಾಖಾನೆಯಾದ್ದರಿಂದ ದನಿಯನ್ನೂ ಬಂದ್ ಮಾಡಿದ್ದರು. ಅವನು ಬಾಯಿ ತೆರೆದು ಕೂಗುತ್ತಿದ್ದ, ನಮಗೆ ಕೇಳುತ್ತಿದ್ದುದು ಫ್ಯಾನಿನ ಸದ್ದು.

ಎದ್ದು ಹೋಗಬಹುದಿತ್ತು. ಆದರೆ ನನ್ನ ಬಲಗೈಯಲ್ಲಿ ಅವರ ಇಷ್ಟಲಿಂಗವಿತ್ತು. ಮುಂಜಾನೆ ನರ್ಸಬಾಯಿ ಉಂಗುರ, ಉಡದಾರ ತೆಗೆಸಿ, ಲಿಂಗವನ್ನೂ ತೆಗೆಯಿರಿ ಎಂದಾಗ ಅವರು ಮಂಚದ ಮೇಲೆ ಎದ್ದು ಕುಳಿತರು.

"ಅಯ್ಯನೋರು ಕಟ್ಟಿದ್ದಿದು. ಕಟ್ಟಿದಾಗಿಂದ ಮೈಮ್ಯಾಲಿಂದ ಇಳಿದಿಲ್ಲ."

"ಕಾಕಾ, ಎದೀನ ಕೊಯ್ಯೂದೈತ್ರಿ. ಇದು ಅಲ್ಲೇ ಕುಂತ್ರ ಡಾಕ್ಟರು ಎಲ್ಲಿ ಕೈ ಹಾಕಬೇಕು?"

ಕೊನೆಗೆ ತಾವೇ ಶಿವದಾರವನ್ನು ಕೊರಳಿನಿಂದ ತೆಗೆದು, ಲಿಂಗವಿದ್ದ ಬೆಳ್ಳಿಯ ಕರಡಿಗೆ ಸಮೇತ ನನ್ನ ಅಂಗೈಯಲ್ಲಿಟ್ಟರು. "ನೆಲಕ್ಕ ಇಡಬ್ಯಾಡ. ಚೀಲದಾಗ ಹಾಕಬ್ಯಾಡ. ನಾ ಬರೂತನಕ ಕೈಯಾಗ ಹಿಡಕೊ."

"ಹಿಡಕೋತೀನ್ರಿ," ಎಂದೆ. ಮೈಯಿಂದ ಲಿಂಗ ಅಗಲಿದರೆ ಪ್ರಾಣ ಅಗಲಿದಂತೆ ಎಂದು ನಂಬಿ ಬೆಳೆದವರು ನಾವು. ನನ್ನ ಕೊರಳಲ್ಲಿ ನನ್ನದು ಇತ್ತು, ಇನ್ನೊಬ್ಬರದನ್ನು ಧರಿಸುವ ಪದ್ಧತಿ ನಮ್ಮಲ್ಲಿಲ್ಲ. ಅದನ್ನು ಹಿಡಿದು ಪಾಯಖಾನೆಗೆ ಹೋಗಲಾಗದು, ಆದ್ದರಿಂದ ನೀರನ್ನೇ ಕುಡಿದಿರಲಿಲ್ಲ. ಕೈ ಬೆವತು, ಬೆರಳು ಜೋಮು ಹಿಡಿದಿದ್ದವು.

ಇಂಥ ಹೊತ್ತಿನಲ್ಲಿ ಶಿವ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ಟಿಕೋಟಾದಿಂದ ಬರುವಾಗ ಬಸ್ಸಿನಲ್ಲಿ ಕೂಡ್ರಲು ಜಾಗ ಸಿಕ್ಕಿತ್ತು. ಕುರ್ಚಿ ಫ್ಯಾನಿನ ಕೆಳಗೇ ಇತ್ತು. ಮಗ್ಗುಲಿಗೆ ಕಾಖಂಡಕಿಯ ಒಬ್ಬ ಹೆಣ್ಣುಮಗಳು, ತಂಗಿಯ ಆಪರೇಷನ್ನಿಗೆ ಬಂದವಳು, ಮಾತಿಗೆ ಜೊತೆಯಾಗಿದ್ದಳು. ಆದರೆ ಅಂದು ನೆನೆದದ್ದು ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಕಣ್ಣು ಬಾಗಿಲಿಗೆ ಹೋಗಿ, ಬಾಗಿಲು ತೆರೆಯದೆ, ಮತ್ತೆ ಟಿವಿಗೆ ಬರುತ್ತಿತ್ತು.

"ಇದೆಂಥಾ ಸಿನಿಮಾ ಬೇ ಯವ್ವಾ!" ಎಂದಳು ಕಾಖಂಡಕಿಯವಳು. "ಇನ್ನೊಬ್ಬ ಮನಷ್ಯಾ ಬರವಲ್ಲ. ಇವರ ಕಡೆ ರೊಕ್ಕ ಇರಲಿಲ್ಲೇನು?"

ಮುಂದಿನ ಸಾಲಿನಲ್ಲಿ ಕುಳಿತಿದ್ದ ತೊರವಿಯ ಮುದುಕ ಹೊರಳಿದ. "ತಡೀರಿ ಅಕ್ಕಾರ, ಹೇಣ್ತಿ ಹುಡುಕ್ಕೋತ ಬರ್ತಾಳ."

"ಯಾಕ ಬರ್ತಾಳ್ರಿ? ಇಸ್ಪೀಟ್ ಆಡಾಕ ಹೋಗ್ಯಾನಂತ ತಿಳಕೊಂಡು ಉಂಡು ಮಕ್ಕೊಂಡಿರ್ತಾಳ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ, ಅದು ಹೇಗೆ ಹೊಕ್ಕಿತೋ, ತಲೆಯೊಳಗೆ ಒಂದು ಮಾತು ಹೊಕ್ಕಿತು: ಇವನು ಹೊರಗೆ ಬಂದರೆ ಅವರೂ ಬರುತ್ತಾರೆ.

ಅದರ ಬೆನ್ನಿಗೇ ಇನ್ನೊಂದು ಮಾತು ಬಂತು: ಬರದಿದ್ದರೆ? ಶಿವನ ಮುಂದೆ ಇಡಬೇಕಾದ ಬೇಡಿಕೆಯನ್ನು ಬಣ್ಣ ಹಚ್ಚಿಕೊಂಡವನೊಬ್ಬನ ಮುಂದೆ ಇಟ್ಟಿದ್ದೆನಲ್ಲ! ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳತೊಡಗಿದೆ. ನಡುವೆ ಕಣ್ಣು ತಾನಾಗಿಯೇ ತೆರೆಯಿತು. ಅವನು ಅಂಗಿ ಹರಿದು ಹಗ್ಗ ಹೊಸೆದು ಕಿಂಡಿಯತ್ತ ಎಸೆಯುತ್ತಿದ್ದ. ಹಗ್ಗ ಬಿತ್ತು. ಮಂತ್ರ ಎಲ್ಲಿಗೆ ನಿಂತಿತ್ತೋ ಮರೆತು, ಮತ್ತೆ ಮೊದಲಿನಿಂದ ಹಿಡಿದೆ.

ಅಷ್ಟರಲ್ಲಿ ಟಾಕಿಯ ಪೈಪಿನಿಂದ ಒಂದು ಹನಿ ಬಿತ್ತು. ಹನಿ ಧಾರೆಯಾಯಿತು. ಕೆಳಗೆ ಯಾರೋ ಮೋಟಾರು ಚಾಲೂ ಮಾಡಿದ್ದರು.

"ಮುಗೀತು ಇವನ ಕತಿ," ಎಂದ ಮುದುಕ.

"ಯಾಕ ಮುಗೀತೈತಿ?" ಎಂದಳು ಕಾಖಂಡಕಿಯವಳು. "ಖಾಲಿ ಕೊಡಾ ತೇಲಂಗಿಲ್ಲೇನು? ನೀರು ಏರಿದಂಗ ಅಂವನೂ ಮ್ಯಾಲ ಬರ್ತಾನ."

"ಅಂವ ಕೊಡಾ ಅಲ್ರಿ, ಮನಷ್ಯಾ. ಈಸಾಕ ಬರಬೇಕಲ್ಲ?"

"ಬರತೈತಿ ಅಂವಗ!" ಎಂದೆ ನಾನು. ದನಿ ಎಷ್ಟು ಜೋರಾಗಿತ್ತೆಂದರೆ ಇಬ್ಬರೂ ನನ್ನ ಕಡೆ ತಿರುಗಿದರು.

"ನಿಮಗ್ಹೆಂಗ ಗೊತ್ರಿ?" ಎಂದ ಮುದುಕ.

ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಅವನು ಗೋಡೆಗೆ ಬೆನ್ನು ಹಚ್ಚಿ ಮುಖ ಮೇಲೆತ್ತಿ ನಿಂತಿದ್ದ. ಕುತ್ತಿಗೆಗೆ ಬಂದಾಗ ಕರೆಂಟು ಹೋಯಿತು.

"ಈ ಕರೆಂಟಿನ ಮನಿ ಹಾಳಾಗ!" ಎಂದು ಕಾಖಂಡಕಿಯವಳು ಬೈದಳು. ನಾನು ಎದ್ದು, ಮುಷ್ಟಿ ಎದೆಗೊತ್ತಿಕೊಂಡು, ಚೀಟಿ ಕೊಡುವ ಹುಡುಗಿಯ ಹತ್ತಿರ ಓಡಿದೆ. "ಒಳಗ ಕರೆಂಟ್ ಐತೇನವಾ?"

"ಒಳಗಿಂದು ಬ್ಯಾರೆ ಲೈನ್ ಐತ್ರಿ ಕಾಕಿ. ಅಲ್ಲಿ ಹೋಗಂಗಿಲ್ಲ. ಗಾಬರಿ ಆಗಬ್ಯಾಡ್ರಿ."

ಇದೂ ಒಂದು ಉಪಕಾರವೇ ಎಂದುಕೊಳ್ಳಲು ನೋಡುತ್ತ ಕುರ್ಚಿಗೆ ಮರಳಿದೆ. ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗಿತು. ಟಿವಿ ಮಾತ್ರ ಬರೀ ನೀಲಿ ಬಣ್ಣ ತೋರಿಸುತ್ತ ನಿಂತಿತು. ಆ ನೀಲಿಯನ್ನೇ ನೋಡುತ್ತಿದ್ದಾಗ ಬಾಗಿಲು ತೆರೆಯಿತು.

"ಟಿಕೋಟಾದವರು ಯಾರ್ರಿ?"

ಡಾಕ್ಟರು ಬಾಯಿಗೆ ಕಟ್ಟಿದ ಬಟ್ಟೆಯನ್ನು ಗದ್ದಕ್ಕೆ ಇಳಿಸಿದ್ದರು. "ಆಪರೇಷನ್ ಚಲೋ ಆಗೇತ್ರಿ. ನಾಳೆ ಮಾತಾಡಸ್ರಿ," ಎಂದು ಹೋದರು. ನಾನು ಅಲ್ಲೇ ಗೋಡೆಗೆ ಆತುಕೊಂಡೆ. ಕಾಖಂಡಕಿಯವಳು ತನ್ನ ಬಾಟಲಿಯಿಂದ ನನ್ನ ಬಾಯಿಗೆ ನೀರು ಹನಿಸಿದಳು. ನನ್ನ ಮುಷ್ಟಿ ಬಿಚ್ಚಲು ಬರುತ್ತಿರಲಿಲ್ಲ. ತಿರುಗಿ ನೋಡಿದಾಗ ಟಿವಿಯಲ್ಲಿ ಯಾರೋ ಜೋಳದ ಹಿಟ್ಟಿನ ಉಂಡಿ ಮಾಡುವುದನ್ನು ಕಲಿಸುತ್ತಿದ್ದರು.

ಮರುದಿನ ನನ್ನೊಬ್ಬಳನ್ನೇ ಒಳಗೆ ಬಿಟ್ಟರು. ಎದೆಯ ತುಂಬ ಪಟ್ಟಿ, ಮೂಗಿಗೆ ಕೊಳವೆ. ಶಿವದಾರವನ್ನು ಅವರ ಎಡ ಮುಂಗೈಗೆ ಸುತ್ತಿದೆ. ಬೆರಳಿನಿಂದ ಕರಡಿಗೆಯನ್ನು ಸವರಿ ನೋಡಿದರು.

"ಎಲ್ಲೂ ಇಡಲಿಲ್ಲಲ್ಲ?" ದನಿ ಒಡೆದಿತ್ತು.

"ಇಲ್ರಿ."

"ಮತ್ತ ಅಷ್ಟೊತ್ತು ಏನ್ ಮಾಡಿದಿ?"

ಟಾಕಿಯೊಳಗಿನವನ ಕತೆ ಹೇಳಿದೆ. ಏಣಿ, ಹರಿದ ಅಂಗಿ, ಪೈಪಿನ ನೀರು. ಅವರು ಕಣ್ಣು ಮಿಟುಕಿಸದೆ ಕೇಳಿದರು.

"ಕುತಿಗಿತನಕ ಬಂತು. ಮುಂದ?"

"ಕರೆಂಟ್ ಹೋತ್ರಿ."

"ಬಂದಮ್ಯಾಲ?"

"ಅಷ್ಟೊತ್ತಿಗೆ ಡಾಕ್ಟರು ಹೊರಗ ಬಂದ್ರು. ಆಮ್ಯಾಲ ಯಾರು ನೋಡ್ತಾರ್ರಿ ಸಿನಿಮಾ?"

ಅವರು ದಿಂಬಿನಿಂದ ತಲೆ ಎತ್ತಲು ಹೋದರು. "ಒಬ್ಬನ್ನ ಕುತಿಗಿಮಟ ನೀರಾಗ ಬಿಟ್ಟು ಹಂಗ ಎದ್ದು ಬಂದೇನಲೇ?"

ಪಕ್ಕದ ಯಂತ್ರ ಕೂಗಿಕೊಂಡಿತು. ನರ್ಸಬಾಯಿ ಓಡಿ ಬಂದಳು. "ಕಾಕಾ, ಎದಿ ಹೊಲದು ಇನ್ನಾ ಒಂದಿನಾ ಆಗಿಲ್ಲ. ಮಾತು ಸಾಕು. ಕಣ್ಣ ಮುಚ್ರಿ."

ಮುಚ್ಚಿದರು. ಅವಳು ಸಲೈನ್ ಸರಿಪಡಿಸಿ ತಿರುಗುವಷ್ಟರಲ್ಲಿ ಒಂದು ಕಣ್ಣು ತೆರೆದರು.

"ಬಾಯಾರ, ನೀವರ ನೋಡೀರೇನು ಆ ಸಿನಿಮಾ?"