ಸಿಹಿ ಕಳೆದುಕೊಂಡ ಹೋಳಿಗೆ

ಎಂಟು ಹನಿ. ಒಂಬತ್ತನೆಯದು ಬಿದ್ದರೆ ಗಾಜಿನ ಕೊಳವೆಯನ್ನು ತೊಳೆದು ಮೊದಲಿನಿಂದ ಶುರುಮಾಡುತ್ತಿದ್ದೆ. ಮೂತ್ರದ ಹನಿಗಳನ್ನು ನೀಲಿ ದ್ರಾವಣಕ್ಕೆ ಹಾಕಿ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಇಟ್ಟಿಗೆ ಕೆಂಪಾದರೆ ವಿಪರೀತ.

ಮದರಾಸಿನಲ್ಲಿ ಬಿ.ಎಸ್ಸಿ. ಮುಗಿಸಿ ರಾಯದುರ್ಗಕ್ಕೆ ಮರಳಿದ ವರ್ಷ ಅದು. ದೊಡ್ಡವ್ವನ ಕಾಲಿನ ಹೆಬ್ಬೆರಳಿನ ಹುಣ್ಣು ಮಾಯುತ್ತಿರಲಿಲ್ಲ. ತಿಂಗಳೊಳಗೆ ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಅಕ್ಕಿ ನಿಲ್ಲಿಸಿ ನವಣೆ ಅನ್ನವನ್ನು ಅಳೆದು ಬಡಿಸಿದೆ. ಊಟಕ್ಕೆ ಮೊದಲು ಮಧುನಾಶಿನಿ ಎಲೆಯ ಕಷಾಯ. ತೆಲುಗಿನಲ್ಲಿ ಪೊಡಪತ್ರಿ ಎನ್ನುವ ಆ ಎಲೆಯನ್ನು ಗುಮ್ಮಘಟ್ಟದ ಕಡೆಯ ಕುರಿ ಕಾಯುವ ಹೆಂಗಸು ತಂದುಕೊಡುತ್ತಿದ್ದಳು. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಪರೀಕ್ಷೆ. ವಾರದಲ್ಲಿ ಕೆಂಪು ಹೋಗಿ ಹಸಿರು ಬಂತು. ಕಷಾಯದಿಂದಲೋ ನವಣೆಯಿಂದಲೋ ಹೇಳಲಾರೆ. ಎರಡನ್ನೂ ಒಂದೇ ದಿನ ಶುರುಮಾಡಿದ್ದು ನನ್ನ ತಪ್ಪು.

ಒಂದು ಸಂಜೆ ಕೊಳವೆ ಮತ್ತೆ ಇಟ್ಟಿಗೆ ಕೆಂಪಾಯಿತು.

"ಮಧ್ಯಾಹ್ನ ಏನು ತಿಂದ್ರಿ, ದೊಡ್ಡವ್ವ?"

"ಪಕ್ಕದ ಮನ್ಯಾಗ ಕೂಸಿನ್ನ ತೊಟ್ಟಿಲಿಗೆ ಹಾಕೋ ಕಾರ್ಯ ಇತ್ತಲ್ಲ, ಹೋಳಿಗಿ. ಮೂರ. ಗಾಬರಿ ಆಗಬ್ಯಾಡವ್ವ, ಮೊದಲ ಆ ಎಲಿ ಅಗಿದಿದ್ದೆ. ಸಿಹಿನ ಇರಲಿಲ್ಲ, ಮಣ್ಣು ತಿಂದಂಗಿತ್ತು. ಮಣ್ಣಾಗ ಸಕ್ಕರಿ ಎಲ್ಲಿಂದ ಬರ್ತದ?"

"ಸಿಹಿ ಇಲ್ಲದ್ದನ್ನ ಮೂರು ಯಾಕ ತಿಂದ್ರಿ?"

"ಮುಂದಿನದರಾಗರ ಬಂದೀತೇನೋ ಅಂತ ನೋಡ್ದೆ. ನಿನ್ನ ಓದಿಸಿದ್ದು ನನ್ನ ಮ್ಯಾಲ ಪೊಲೀಸ್ ಆಗಾಕೇನು?"

ಆ ಎಲೆ ನಾಲಿಗೆಗೆ ಸ್ವಲ್ಪ ಹೊತ್ತು ಸಿಹಿಯನ್ನು ಮರೆಸುತ್ತದೆ, ಅಷ್ಟೇ. ಹೊಟ್ಟೆಗಿಳಿದ ಬೆಲ್ಲ ಬೆಲ್ಲವೇ. ಇದನ್ನು ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು. ಹೇಗೆ ತೋರಿಸಬೇಕೆಂಬುದೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಲೋಟದಲ್ಲಿ ಬೆಲ್ಲದ ನೀರು ಕದಡಿದೆ. ಅಂಗಡಿಯ ಬಿಳಿ ಸಕ್ಕರೆ ಈ ದ್ರಾವಣಕ್ಕೆ ಸಿಕ್ಕಿಬೀಳುವುದಿಲ್ಲ; ಬೆಲ್ಲ ಸಿಕ್ಕಿಬೀಳುತ್ತದೆ. ದೊಡ್ಡವ್ವನಿಗೆ ಎಲೆ ಅಗಿಯಲು ಹೇಳಿ, ನಾಲಿಗೆಯ ತುದಿಗೆ ಒಂದು ತೊಟ್ಟು ಬಿಟ್ಟೆ.

"ಬರೇ ನೀರು," ಎಂದರು.

ಅದೇ ಲೋಟದಿಂದ ಎಂಟು ಹನಿ ಕೊಳವೆಗೆ ಹಾಕಿ, ಇಕ್ಕಳವನ್ನು ಅವರ ಕೈಗೇ ಕೊಟ್ಟೆ. ಸ್ಪಿರಿಟ್ ದೀಪದ ಮೇಲೆ ಅವರೇ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆ ಕೆಂಪಾಯಿತು.

ದೊಡ್ಡವ್ವ ಕೊಳವೆಯನ್ನು ನೋಡಿದರು, ಆಮೇಲೆ ಬಟ್ಟೆ ಸುತ್ತಿದ ತಮ್ಮ ಹೆಬ್ಬೆರಳನ್ನು. ಎದ್ದು ಹೋಗಿ, ಗೂಡಿನಲ್ಲಿ ಮುಚ್ಚಿಟ್ಟಿದ್ದ ಬಾಳೆಲೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ತಂದು ನನ್ನ ಮುಂದಿಟ್ಟರು.

"ತಗೋ. ನಾಲ್ಕನೇ ಹೋಳಿಗಿ."

ನಾನು ನಿಂತಲ್ಲೇ ಅದನ್ನು ತಿಂದು ಮುಗಿಸಿದೆ. ಕೊಳವೆ ತೊಳೆದಿಟ್ಟು, ಕಷಾಯಕ್ಕೆ ನೀರಿಟ್ಟೆ.