ಎರಡನೆಯ ಗುಂಡು

ನಮ್ಮ ಪೀಟಿ ಮೇಷ್ಟ್ರು ಬೀಡಿ ಎಳೆದು, ಮೂಗು ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿ ಊದಿದರೆ ಎಡಗಿವಿಯಿಂದ ಹೊಗೆ ಬರುತ್ತಿತ್ತು. ತೆಳ್ಳಗೆ, ಊದುಬತ್ತಿಯ ಹೊಗೆಯ ಹಾಗೆ. ಮಡಿಕೇರಿಯ ಕಾಲೇಜಿಗೆ ಹೊಸದಾಗಿ ಬಂದವರೆಲ್ಲ ಅದನ್ನು ನೋಡಿ ನಗುತ್ತಿದ್ದೆವು. ನೌಕಾಪಡೆಯಲ್ಲಿ ಮುಳುಗುವ ಕೆಲಸದಲ್ಲಿದ್ದಾಗ ಆ ಕಿವಿಯ ತಮಟೆ ಒಡೆದದ್ದಂತೆ. ಸ್ನಾನ ಮಾಡುವಾಗಲೂ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿಕೊಳ್ಳುತ್ತಿದ್ದರು. ಅಲ್ಲಿ ನೀರು ಹೊಕ್ಕರೆ ಮಿದುಳಿಗೆ ದಾರಿ ದೂರವಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು.

"ಈ ಕಿವಿ ಸರ್ಕಾರಕ್ಕೆ ಕೊಟ್ಟೆ. ಪ್ರಿನ್ಸಿಪಾಲರು ಬೈಯುವಾಗ ಇದನ್ನೇ ತಿರುಗಿಸಿ ನಿಲ್ಲುತ್ತೇನೆ," ಎನ್ನುತ್ತಿದ್ದರು.

ನಾನು ಸಿದ್ದಾಪುರದ ಕಡೆಯ ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಹುಟ್ಟಿದವನು. ಅಪ್ಪ ಹೆಬ್ಬೆಟ್ಟಿನವರು. ಆ ಲೈನಿನಿಂದ ಮೊದಲು ಬಿ.ಎ. ಮಾಡಿದವನು ನಾನು. ಇವತ್ತಿಗೂ ಹೆಸರಿನ ಮುಂದೆ ಅದನ್ನು ಬರೆಯುತ್ತೇನೆ, ಸಂಕೋಚವಿಲ್ಲ. ಮೊದಲ ವರ್ಷದಲ್ಲೇ ಓದು ಸಾಕೆಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಹೊರಟುಬಿಟ್ಟಿದ್ದೆ. ಮೇಷ್ಟ್ರು ಬಸ್‌ಸ್ಟ್ಯಾಂಡಿಗೆ ಬಂದವರೇ ಬಸ್ಸಿನ ಮೇಲೆ ಹತ್ತಿ ನನ್ನ ಟ್ರಂಕನ್ನು ಕೆಳಗಿಳಿಸಿದರು.

"ಎಸ್ಟೇಟಿಗೆ ರೈಟರುಗಳು ಬೇಕಾದಷ್ಟು ಸಿಕ್ತಾರೆ ಮಾರಾಯ. ಕಾವೇರೀಲಿ ಈಜಿದ ಹುಡುಗ ನನಗೆ ನೀನೊಬ್ಬನೇ ಸಿಕ್ಕಿದ್ದು. ನಡಿ."

ಮೇಷ್ಟ್ರು ಕೊಡವರು, ಮದುವೆಯಾಗಿರಲಿಲ್ಲ. ಚಿಕ್ಕಪ್ಪನೊಬ್ಬರ ಜೊತೆ ಊರ ಹೊರಗಿನ ಮನೆಯಲ್ಲಿದ್ದರು. ಅಂದಿನಿಂದ ನನ್ನ ರಾತ್ರಿಯೂಟ ಅಲ್ಲಿಯೇ. ಊಟಕ್ಕೆ ಮುಂಚೆ ಆ ದಿನದ ಪಾಠವನ್ನು ಅವರಿಗೆ ಒಪ್ಪಿಸಬೇಕಿತ್ತು. ಇತಿಹಾಸ ಅವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ನಾನು ತಡವರಿಸಿದೆನೆಂದರೆ ಸಾಕು, "ಗೊತ್ತಿಲ್ಲ ನಿನಗೆ, ಹೋಗಿ ಓದು," ಎಂದು ತಟ್ಟೆ ಎತ್ತಿಡುತ್ತಿದ್ದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಎರಡನೆಯ ವರ್ಷದ ಬೇಸಿಗೆ ರಜೆಯಲ್ಲಿ ಮೇಷ್ಟ್ರು, "ಈಗ ಕಡಲೂ ನಮ್ಮ ರಾಜ್ಯದ್ದೇ ಆಯ್ತಲ್ಲ. ಸರಿಯಾಗಿದೆಯಾ ಅಂತ ಒಮ್ಮೆ ನೋಡಿ ಬರೋಣ," ಎಂದರು. ಸಂಪಾಜೆ ಘಾಟಿ ಇಳಿದು, ಕಡಲಂಚು ಹಿಡಿದು ಕಾರವಾರದವರೆಗೆ ಹೋಗಿ, ಶಿವಮೊಗ್ಗದ ಮೇಲೆ ಹಿಂದಿರುಗುವುದು. ಚಿಕ್ಕಪ್ಪನ ಹಳೆಯ ಜೀಪು, ಒಂದು ಡೇರೆ, ಚಿಕ್ಕಪ್ಪನ ಜೋಡಿನಳಿಗೆ ಕೋವಿ. ಜೊತೆಗೆ, ತೋಟ ಮಾರಿ ಇಂಗ್ಲೆಂಡಿಗೆ ಹೋದ ದೊರೆಯೊಬ್ಬ ಬಿಟ್ಟುಹೋದ, ನೀರೊಳಗೆ ಉಸಿರಾಡುವ ಗಾಳಿ ಸಿಲಿಂಡರುಗಳು. ಕೊಚ್ಚಿಯ ಹಳೆಯ ಗೆಳೆಯರ ಕೈಯಲ್ಲಿ ಗಾಳಿ ತುಂಬಿಸಿ ತರಿಸಿದ್ದರು. ತಾವು ಮುಳುಗುವಂತಿಲ್ಲವಲ್ಲ, ನನಗೆ ಎಸ್ಟೇಟಿನ ಕೆರೆಯಲ್ಲಿ ಕಲಿಸಿದ್ದರು.

"ಮೇಲೆ ಬರುವಾಗ ಉಸಿರು ಹಿಡೀಬೇಡ, ಎದೆ ಒಡೀತದೆ. ಹೆದರಿದವನೇ ಉಸಿರು ಹಿಡಿಯೋದು."

ಚಿಕ್ಕಪ್ಪನಿಗೆ ಇದು ಮೊದಲಿನಿಂದಲೂ ಹಿಡಿಸಲಿಲ್ಲ. ಜೀಪು ಹೊರಡಿಸುವಾಗಲೇ, "ಕಾವೇರಿಯ ಮಕ್ಕಳಿಗೆ ಉಪ್ಪುನೀರಲ್ಲಿ ಎಂತ ಕೆಲಸ?" ಎಂದರು. ದಾರಿಯುದ್ದಕ್ಕೂ ಅದೇ ಮಾತು. ಹೊಳೆ ಬಂದಲ್ಲೆಲ್ಲ ಜೀಪನ್ನು ದೋಣಿಗೆ ಹತ್ತಿಸಿ ದಾಟಿಸಬೇಕಿತ್ತು. ಪ್ರತಿ ಸಲವೂ ಅವರು ನೀರಿನ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದರು.

ಕುಂದಾಪುರ ದಾಟಿದ ಮೇಲೆ ಒಂದು ಮರಳದಂಡೆಯಲ್ಲಿ ಡೇರೆ ಹಾಕಿದೆವು. ಸ್ವಲ್ಪ ದೂರದಲ್ಲಿ, ಕಡಲೊಳಗೆ, ಕರಿಯ ಬಂಡೆಯ ಸಣ್ಣ ದ್ವೀಪ. ಅದರ ಈಚೆ ಮಗ್ಗುಲಲ್ಲಿ ನೀರು ತಿಳಿ ಎಂದು ಅಲ್ಲಿಯ ಮೀನುಗಾರನೊಬ್ಬ ದೋಣಿ ಕೊಟ್ಟ. ಮರುದಿನ ಗಾಳಿಯೇ ಇರಲಿಲ್ಲ. ಕಡಲು ಎಣ್ಣೆ ಸುರಿದ ಹಾಗೆ ಬಿದ್ದುಕೊಂಡಿತ್ತು. ಬೆಳಿಗ್ಗೆಯೇ ಗುಡ್ಡದ ಮೇಲೆ ಒಂದು ಕಾಡುಪಾರಿವಾಳ ಹೊಡೆದು ತಂದ ಚಿಕ್ಕಪ್ಪ, "ಇಷ್ಟು ಸುಮ್ಮನಿರೋದು ಒಳ್ಳೇದಲ್ಲ," ಎಂದರು.

ಕಿವಿ ಒಡೆದ ಮೇಲೆ ಮೇಷ್ಟ್ರಿಗೆ ದೋಣಿ ಹತ್ತಿದರೆ ತಲೆ ಸುತ್ತಿ ವಾಂತಿ. ಹಾಗಾಗಿ ಅವರು ದಂಡೆಯ ಗುಡ್ಡದ ಮೇಲೆ ಕೆಂಪು ಟವೆಲ್ ಹಿಡಿದು ನಿಲ್ಲುವುದು, ಅದು ಬೀಸಿದರೆ ದೋಣಿಯವನು ನನ್ನ ಸೊಂಟದ ಹಗ್ಗ ಜಗ್ಗುವುದು, ನಾನು ಮೇಲೆ ಬರುವುದು ಎಂದು ಮಾತಾಗಿತ್ತು.

ನೀರೊಳಗೆ ನನ್ನ ಉಸಿರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಹಸಿರು ಬೆಳಕು. ಬಂಡೆಯ ಸಂದಿಯಿಂದ ಮೀನುಗಳು ಗುಂಪಾಗಿ ಬಂದವು, ಒಮ್ಮೆಗೇ ಎಲ್ಲವೂ ಮಾಯವಾದವು. ಬೆಳಕು ಕಂದಿತು. ಮೋಡ ಬಂದಿರಬೇಕು ಎಂದುಕೊಂಡೆ, ಅಷ್ಟೆ.

ದಂಡೆಯಲ್ಲಿ ಏನಾಯಿತೆಂದು ಆಮೇಲೆ ಚಿಕ್ಕಪ್ಪನೇ ಹೇಳಿದರು. ಪಡುವಣದಿಂದ ಕಪ್ಪು ಗೋಡೆಯ ಹಾಗೆ ಬಿರುಗಾಳಿ ಎದ್ದು ಬರುತ್ತಿತ್ತು. ದೋಣಿಯವನಿಗೆ ಬಂಡೆ ಅಡ್ಡವಾಗಿ ಅದು ಕಾಣುತ್ತಿರಲಿಲ್ಲ. ಅವನು ದಂಡೆಗೆ ಬೆನ್ನು ಹಾಕಿ ಹಗ್ಗವನ್ನೇ ನೋಡುತ್ತ ಕುಳಿತಿದ್ದ. ಟವೆಲ್ ಬೀಸಿದ್ದು ಕಾಣಲಿಲ್ಲ, ಕೂಗು ಮುಟ್ಟಲಿಲ್ಲ. ಮೇಷ್ಟ್ರು ಕೋವಿ ಕಸಿದುಕೊಂಡು ಒಂದು ಗುಂಡು ಹೊಡೆದರು. ಅವನು ತಲೆಯೆತ್ತಲಿಲ್ಲ. "ಮತ್ತೆ ಹಕ್ಕಿ ಹೊಡೂಕೆ ಅಂದೇಳಿ ಎಣ್ಸಿದ್ದೆ ಮರಾಯ್ರೆ," ಎಂದು ಆಮೇಲೆ ಅತ್ತ ಪಾಪ.

ಮೇಷ್ಟ್ರು ಮತ್ತೆ ಕೋವಿ ಎತ್ತಿದಾಗ ಚಿಕ್ಕಪ್ಪ ನಳಿಗೆ ಹಿಡಿದುಕೊಂಡರು. ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಒಂದರ ಬೆನ್ನಿಗೆ ಇನ್ನೊಂದು ಕೇಳಿಸಿತೆಂದರೆ ಸುತ್ತಲಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೊರಡುತ್ತಾರೆ. ಚಿಕ್ಕಪ್ಪ ಬೇಟೆಯಲ್ಲಿ ಕೂಡ ಎರಡನೆಯದನ್ನು ತಡೆದೇ ಹೊಡೆಯುವವರು.

"ಬೇಡ. ಹುಡುಗ ಬದುಕಿದ್ದಾನೆ. ಬದುಕಿರುವವನ ಹೆಸರಲ್ಲಿ ಎರಡು ಹೊಡೆದರೆ ಅದು ಒಬ್ಬನ ಪ್ರಾಣ ಕೇಳುತ್ತದೆ."

"ಕೇಳಲಿ. ಕೈ ಬಿಡಿ ಚಿಕ್ಕಪ್ಪ."

ಎರಡನೆಯದು ಹಾರಿತು. ದೋಣಿಯವನು ಆಗ ತಿರುಗಿದ, ಟವೆಲ್ ಕಂಡ, ನನ್ನನ್ನು ಎಳೆದುಹಾಕಿಕೊಂಡು ಹುಟ್ಟು ಹಾಕಿದ. ದಂಡೆ ಇನ್ನೇನು ಸಿಕ್ಕಿತು ಎನ್ನುವಾಗ ಗಾಳಿ ನಮ್ಮನ್ನು ಹಿಡಿಯಿತು. ದೋಣಿ ಮಗುಚಿತು. ಬೆನ್ನಿನ ಸಿಲಿಂಡರು ನನ್ನನ್ನು ಕೆಳಕ್ಕೆ ಜಗ್ಗುತ್ತಿದ್ದುದು ನೆನಪಿದೆ. ಯಾರೋ ಪಟ್ಟಿ ಬಿಚ್ಚಿದ್ದು, ಕೂದಲು ಹಿಡಿದು ಎಳೆದದ್ದು ನೆನಪಿದೆ. ದಂಡೆಯಿಂದ ನೀರಿಗೆ ಹಾರಿ ಬಂದಿದ್ದ ಮೇಷ್ಟ್ರ ತಲೆಯ ಮೇಲೆ ಅಲೆಯ ಹಿಂದೆ ಅಲೆ ಹಾದುಹೋಯಿತು. ಹತ್ತಿ ಇಟ್ಟುಕೊಳ್ಳಲು ಅವರಿಗೆ ಪುರಸೊತ್ತು ಎಲ್ಲಿತ್ತು? ದೋಣಿಯವನು ಈಜಿ ದಡ ಸೇರಿದ.

ಮರಳಲ್ಲಿ ಕುಳಿತು ಮೇಷ್ಟ್ರು ತಲೆ ವಾಲಿಸಿ ಅಂಗೈಯಿಂದ ಬಡಿದುಕೊಂಡರು. "ಸ್ವಲ್ಪ ಉಪ್ಪು ಹೋಯಿತು. ಸಪ್ಪೆ ತಲೆ, ರುಚಿ ಬರಲಿ ಬಿಡು."

ಕಾರವಾರ ನೋಡಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿದೆವು. ಸಂಪಾಜೆ ಹತ್ತುವಾಗ ಚಿಕ್ಕಪ್ಪ, "ಕೇಳಿದವರು ಬಂದೇ ಬರುತ್ತಾರೆ," ಎಂದರು.

"ಅಷ್ಟು ದೂರದಿಂದ ಬರೋಕೆ ಬಸ್ಸಿಲ್ಲ," ಎಂದರು ಮೇಷ್ಟ್ರು.

ಮೊದಲು ಕಿವಿ ಸೋರಿತು, ಆಮೇಲೆ ಜ್ವರ. ಮಳೆ ಹಿಡಿದ ಹೊತ್ತಿಗೆ ಆಸ್ಪತ್ರೆಯಲ್ಲಿ ಅವರಿಗೆ ಬೆಳಕು ಕಂಡರಾಗುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತರೆ, "ಕಾಲೇಜು ಶುರುವಾಗಿದೆಯಲ್ಲ, ಇಲ್ಲಿ ಎಂತ ಮಾಡ್ತೀ?" ಎಂದು ಓಡಿಸುತ್ತಿದ್ದರು. ಕೊನೆಯ ಸಲ ಹಾಗೆ ಓಡಿಸಿದ ದಿನ ನಾನು ತರಗತಿಯಲ್ಲಿದ್ದಾಗ ಹೋದರು.

ನೀರಿನಿಂದ ಆಯಿತು ಎಂದರು ಡಾಕ್ಟರು. ಗುಂಡಿನಿಂದ ಎಂದರು ಚಿಕ್ಕಪ್ಪ. ಓದಿದವನು ನಾನು, ಡಾಕ್ಟರ ಮಾತನ್ನೇ ನಂಬಿದ್ದೇನೆ. ಆದರೆ ಎರಡರಲ್ಲಿ ಯಾವುದಾದರೂ ನನ್ನ ಹೆಸರು ತಪ್ಪುವುದಿಲ್ಲ.

ಸಾವಿನ ಮನೆಯ ಅಂಗಳದಲ್ಲಿ, ಮಳೆಯಲ್ಲಿ, ಒಳಗೆ ಹೋಗಲಾರದೆ ನಿಂತಿದ್ದೆ. ಚಿಕ್ಕಪ್ಪ ಇಳಿದು ಬಂದು ನನ್ನ ರಟ್ಟೆ ಹಿಡಿದರು. ಬೈಯುತ್ತಾರೆಂದುಕೊಂಡೆ.

"ನಿನ್ನಿಂದ ಅಂತ ನಾನು ಹೇಳೋದಿಲ್ಲ. ಆದರೆ ನೀನು ಬೇಗ ಸಾಯಬಾರದು. ವರ್ಷಕ್ಕೊಂದು ಸಲ ಬಂದು ನನಗೆ ಮುಖ ತೋರಿಸಬೇಕು."

ಬಿ.ಎ. ಆಯಿತು, ನೌಕರಿಯಾಯಿತು, ಮದುವೆಯಾಯಿತು. ಚಿಕ್ಕಪ್ಪ ಇರುವವರೆಗೂ ಪ್ರತಿ ವರ್ಷ ಹುತ್ತರಿ ಹಬ್ಬಕ್ಕೆ ಹೋದೆ. ಅವರು ಹೊಸ್ತಿಲಲ್ಲಿ ನನ್ನನ್ನು ನಿಲ್ಲಿಸಿ, ಕಣ್ಣು ಕಿರಿದು ಮಾಡಿ, ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ಹೇಳುತ್ತಿದ್ದರು:

"ಇದ್ದೀಯ. ಸರಿ. ಕಾಲು ತೊಳೆದು ಒಳಗೆ ಬಾ."