ಹನ್ನೊಂದನೆಯವನು ಕಳಚದ ಕೈಗವಸು

ಹಾಗಲ್ಲ ಪುಟ್ಟಿ, ನೀನು ತಪ್ಪು ತಿಳಿದಿದ್ದೀಯ. ರಾಜಮನೆತನದವರು ಅಂದರೆ ಎಲ್ಲರೂ ಹಗಲಿಡೀ ಮೆತ್ತೆಗೆ ಒರಗಿ ಕೂತವರಲ್ಲ. ನಾನು ಹೇಳಹೊರಟ ಇವನ ಉಗುರಿನ ಸಂದಿಯಲ್ಲಿ ಯಾವಾಗಲೂ ಪ್ಲಾಸ್ಟರ್ ಹಿಟ್ಟು. ಬರೆದುಕೊಳ್ಳುತ್ತಿದ್ದೀಯ ತಾನೆ? ನಿಧಾನವಾಗಿಯೇ ಹೇಳುತ್ತೇನೆ, ನನಗೇನು ರೈಲು ಹಿಡಿಯಬೇಕಾಗಿಲ್ಲ.

ಊರವರು ಅವನನ್ನು ಕರೆಯುವುದೇ ಹನ್ನೊಂದು ಎಂದು. ಪಟ್ಟದ ಸಾಲಿನಲ್ಲಿ ಅವನದು ಹನ್ನೊಂದನೆಯ ಜಾಗ. ಮುಂದಿನ ಹತ್ತು ಮಂದಿಯೂ ಗುಂಡುಕಲ್ಲಿನ ಹಾಗಿದ್ದಾರೆ, ಒಬ್ಬರಿಗೂ ಒಂದು ಸೀನು ಬರುವುದಿಲ್ಲ. ಇವನು ಬುದ್ಧಿವಂತ. ಕಾದು ಕೂರುವ ಬದಲು ಕೃತಕ ಕಾಲು ಮಾಡುವ ಕೆಲಸ ಕಲಿತ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ವರ್ಕ್‌ಶಾಪ್. ಗೋಡೆಗೆ ನೇತುಹಾಕಿದ ಸಾಲು ಸಾಲು ಕಾಲುಗಳು, ಮಧ್ಯೆ ನಡೆದು ನೋಡಲು ಎರಡು ಕಂಬಿ, ಮೂಲೆಯಲ್ಲಿ ಕಿರುಗುಟ್ಟುವ ಸ್ಟೂಲು. ಅಲ್ಲಿ ಅವನು ದೊರೆಯಲ್ಲ, ಬರೀ ಮೇಸ್ತ್ರಿ. ಹೊಸಿಲು ದಾಟಿದ ಮೇಲೆ ಯಾರೂ ಬಗ್ಗಬಾರದು, ಬೇಕಾದರೆ ಬೈಯಬಹುದು ಎಂದು ಅವನೇ ಹೇಳಿಬಿಟ್ಟಿದ್ದ.

ಬೈಯುವುದರಲ್ಲಿ ನಿನ್ನ ಚಿಕ್ಕಜ್ಜಿಗೆ ಸರಿಸಮ ಯಾರಿದ್ದಾರೆ ಹೇಳು! ಆಗ ಅವಳು ಅಂಚೆ ಹಂಚುತ್ತಿದ್ದಳು. ಏಳು ಬೀದಿ, ನಾನೂರು ಬಾಗಿಲು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಸೊಸೆ ಕಾಗದಕ್ಕೆ ಕಾಯುತ್ತಾಳೆ, ಎಲ್ಲ ಅವಳ ಬಾಯಲ್ಲೇ. ಒಂದು ಲಾರಿ ಹಿಂದಕ್ಕೆ ಬಂದು ಮೊಣಕಾಲ ಕೆಳಗೆ ಎಡಗಾಲು ಹೋಯಿತು. ಅಂಚೆ ಕಚೇರಿಯವರು ಒಂದು ಸೋಮವಾರ ಗೊತ್ತುಮಾಡಿ, ಅಷ್ಟರಲ್ಲಿ ನಡೆದುಕೊಂಡು ಬಂದರೆ ಆ ಏಳು ಬೀದಿ ನಿನ್ನವು, ಇಲ್ಲದಿದ್ದರೆ ಬೇರೆಯವರಿಗೆ ಎಂದರು.

ಎಂಟು ಸಲ ವರ್ಕ್‌ಶಾಪಿಗೆ ಹೋದಳು. ಎಂಟು ಸಲವೂ ಅವನ ಗ್ರಹಚಾರ ಬಿಡಿಸಿದಳು.

"ಏನ್ ಮೇಸ್ತ್ರಿ, ಕಾಲು ಮಾಡಿದ್ದೀರೋ ಇಲಿಬೋನು ಮಾಡಿದ್ದೀರೋ? ಕಚ್ಚತ್ತೆ!"

"ಎಲ್ಲಿ ಕಚ್ಚತ್ತೆ, ತೋರ್ಸಿ."

"ಎಲ್ಲಿ ಕಚ್ಚಲ್ಲ ಅಂತ ಕೇಳಿ, ಬೇಗ ಮುಗಿಯತ್ತೆ!"

ಅವನು ನಗುತ್ತಾ ಉಜ್ಜುತ್ತಿದ್ದ, ಮತ್ತೆ ತೊಡಿಸುತ್ತಿದ್ದ. ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ಮೂವತ್ತು ಹೆಜ್ಜೆ ನಡೆಸುವುದು, ಕಾಲು ಕಳಚಿಸುವುದು, ಹತ್ತು ನಿಮಿಷ ಕಾಯುವುದು. ಚರ್ಮದ ಮೇಲಿನ ಕೆಂಪು ಅಷ್ಟರಲ್ಲಿ ಮಾಯವಾದರೆ ಸರಿ, ಉಳಿದರೆ ಅಲ್ಲಿ ಒತ್ತುತ್ತಿದೆ ಎಂದು ಅರ್ಥ. ಕಣ್ಣಿಗೆ ಕಾಣದ್ದು ಬರಿಬೆರಳಿಗೆ ತಿಳಿಯುತ್ತದೆ, ಬಿಸಿ ಇರುತ್ತದಂತೆ.

ಒಂಬತ್ತನೆಯ ಸಲ, ಕೊನೆಯ ಪರೀಕ್ಷೆ. ಅದೇ ದಿನ ಅರಮನೆಯಿಂದ ಕರೆ ಬಂತು. ಹತ್ತನೆಯವರಿಗೆ ಜ್ವರ ಬಂದಿದೆ, ಹೊಸ ಸೇತುವೆಯ ರಿಬ್ಬನ್ ನೀನೇ ಕತ್ತರಿಸಬೇಕು ಎಂದು. ಸೀನದವರು ಸೀನಿದರು ನೋಡು, ಆ ದಿನವೇ! ಅವನು ಸಮವಸ್ತ್ರ ತೊಟ್ಟು, ಎದೆಗೆ ಪದಕ ಚುಚ್ಚಿಕೊಂಡು, ಸೊಂಟಕ್ಕೆ ಕತ್ತಿ ಕಟ್ಟಿಕೊಂಡು, ಬಿಳಿ ಕೈಗವಸು ಹಾಕಿಕೊಂಡು ಹೋದ. ಹೊರಗೆ ತೊಟ್ಟ ಕೈಗವಸನ್ನು ಅರಮನೆಗೆ ಮರಳಿದ ಮೇಲೆಯೇ ಕಳಚಬೇಕು, ಅದು ಅವರ ಮನೆತನದ ರೀತಿ. ಸೇತುವೆಯಿಂದ ನೇರವಾಗಿ ಅದೇ ವೇಷದಲ್ಲಿ ವರ್ಕ್‌ಶಾಪಿಗೆ ಬಂದ. ಸಂಜೆ ಪರದೇಶದ ಅತಿಥಿಗಳ ಜೊತೆ ಊಟವಿತ್ತು, ಹೊರಗೆ ಕಾರು ಗುರುಗುಟ್ಟುತ್ತಲೇ ಇತ್ತು.

ನಿನ್ನ ಚಿಕ್ಕಜ್ಜಿ ಕಂಬಿ ಹಿಡಿದು ನಿಂತಿದ್ದಳು. ಆ ಪದಕ, ಆ ಕತ್ತಿ ಕಂಡದ್ದೇ ತಡ, ಕಂಬಿ ಬಿಟ್ಟು ನೆಟ್ಟಗೆ ನಿಂತಳು. ಯಾರಿಗೂ ಜಗ್ಗದ ಆ ಬಾಯಿಯಲ್ಲಿ ಪಿಟಕ್ ಎಂಬ ಮಾತಿಲ್ಲ! ಮೂವತ್ತು ಹೆಜ್ಜೆ ನಡೆದಳು.

"ಹೇಗಿದೆ?" ಎಂದ ಅವನು. ಬೆಳಗ್ಗಿನಿಂದ ನೂರು ಜನರಿಗೆ ಕೇಳಿದ್ದ ಅದೇ ದನಿ, ಅದೇ ನಗು.

"ಚೆನ್ನಾಗಿದೆ, ದೊರೆ."

"ತುಂಬಾ ಚೆನ್ನಾಗಿದೆ," ಎಂದ. ಸೇತುವೆಗೂ ಅದನ್ನೇ ಹೇಳಿ ಬಂದಿದ್ದ. ಕಾಲು ಕಳಚಿಸಲಿಲ್ಲ, ಹತ್ತು ನಿಮಿಷ ಕಾಯಲಿಲ್ಲ, ಕೈಗವಸು ತೆಗೆಯಲಿಲ್ಲ. ಕಾಲು ಸರಿಯಿದೆ ಎಂದು ಅಂಚೆ ಕಚೇರಿಗೆ ಕೊಡುವ ಕಾಗದಕ್ಕೆ ಸಹಿ ಹಾಕಿ ಹೊರಟ.

ಸೋಮವಾರ ಅವಳು ಏಳು ಬೀದಿ ನಡೆದಳು. ನಾಲ್ಕನೆಯ ದಿನ ಹುಣ್ಣಾಯಿತು, ಹತ್ತನೆಯ ದಿನ ಕೀವು, ಜ್ವರ. ನನಗೂ ಹೇಳಲಿಲ್ಲ, ಮುಚ್ಚಿಟ್ಟಳು. ಮೊಣಕಾಲು ಉಳಿಯುವುದೇ ಕಷ್ಟ ಎಂದರು ಡಾಕ್ಟರು. ಹೇಗೋ ಉಳಿಯಿತು, ಆದರೆ ನಾಲ್ಕು ತಿಂಗಳು ಹಾಸಿಗೆ. ಬೀದಿಗಳು ಬೇರೆಯವರ ಪಾಲಾದವು.

ಅವನು ಆಸ್ಪತ್ರೆಗೆ ಓಡಿ ಬಂದ. ಹಳೆಯ ಅಂಗಿ, ಕೆದರಿದ ತಲೆ. ನಾನು ಅಲ್ಲೇ ಇದ್ದೆ.

"ಬೈಯ್ರಿ ಅಕ್ಕ. ಹೊಡೀರಿ ಬೇಕಾದ್ರೆ."

"ಅಯ್ಯೋ, ಬಿಡಿ ದೊರೆ. ನಾನು ಬಾಯಿ ಬಿಟ್ಟು ಹೇಳ್ಬೇಕಿತ್ತು."

ಆ 'ದೊರೆ' ಅವನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು.

ನೇರವಾಗಿ ದೊಡ್ಡಪ್ಪನ ಮಗನ ಹತ್ತಿರ ಹೋದ. ಅವರೇ ಸಿಂಹಾಸನದ ಮೇಲಿರುವವರು. "ಅಣ್ಣ, ನನಗೆ ಈ ವೇಷ ಸಾಕು. ಇದರಿಂದಲೇ ಒಬ್ಬರ ಕಾಲು ಹಾಳಾಯ್ತು," ಎಂದ.

ಅಣ್ಣ ಕನ್ನಡಕ ಕೆಳಗಿಟ್ಟು ನೋಡಿದರು. "ಕೈಗವಸು ನಿನ್ನ ಚರ್ಮಕ್ಕೆ ಸೇರಿಸಿ ಹೊಲಿದಿತ್ತೇನೋ?"

"ರೀತಿ ಅಂತ..."

"ಕಳೆದ ವರ್ಷ ಸಂತರ್ಪಣೆಲಿ ಮಾವಿನಹಣ್ಣು ತಿನ್ನೋಕೆ ಕಳಚಿದ್ದಲ್ಲ, ಆಗ ಎಲ್ಲಿತ್ತು ರೀತಿ? ನೋಡು, ವೇಷ ಬಿಡ್ತೀನಿ ಅಂದ್ರೆ ಬಿಡು. ಆದ್ರೆ ತಪ್ಪನ್ನ ಅರಮನೆ ಗೂಟಕ್ಕೆ ನೇತುಹಾಕಿ ಹೋಗ್ಬೇಡ."

ಅವನು ಎದ್ದು ಹೊರಟು ಬಂದ. ಬರುವ ದಾರಿಯಲ್ಲಿ ನಿಜ ಗೊತ್ತಾಯಿತಂತೆ, ಆಮೇಲೆ ನನ್ನೆದುರೇ ತಲೆ ತಗ್ಗಿಸಿ ಹೇಳಿದ. ಅವಸರವೂ ಅಲ್ಲ, ರೀತಿಯೂ ಅಲ್ಲ. ಎಂಟು ಸಲ ಬೈದವಳು ಒಂಬತ್ತನೆಯ ಸಲ ನೆಟ್ಟಗೆ ನಿಂತು ದೊರೆ ಎಂದಾಗ ಅವನಿಗೆ ಹಿತವಾಗಿತ್ತು. ಅವಳು ಹಾಗೆ ಸುಮ್ಮನಿರುವವಳಲ್ಲ ಎಂದು ಗೊತ್ತಿದ್ದೂ, ಆ ಹಿತ ಕೆಡುವುದು ಬೇಡವೆಂದು ಎರಡನೆಯ ಸಲ ಕೇಳಲಿಲ್ಲ. ನಾನು ಕಾಫಿ ಕೊಟ್ಟೆ. ಕುಡಿಯಲಿಲ್ಲ.

ಹೊಸ ಕಾಲು ಮಾಡುವಾಗ ಬಜಾರಿಗೆ ಹೋಗಿ ತಾನೇ ಕೆಂಪು ತುಟಿಬಣ್ಣ ಕೊಂಡು ತಂದ. ಅಂಗಡಿಯವಳು ಮದುವೆ ಯಾವಾಗ ಎಂದು ಕೇಳಿದಳಂತೆ! ಅದನ್ನು ಇವಳ ಮೊಂಡುಗಾಲಿನಲ್ಲಿ ಮೂಳೆ ಉಬ್ಬಿದ ಕಡೆ ಹಚ್ಚಿ ಕಾಲು ತೊಡಿಸಿದ. ಒಳಗೆ ಎಲ್ಲಿ ಬಣ್ಣ ಅಂಟುತ್ತದೋ ಅಲ್ಲಿ ಒತ್ತುತ್ತದೆ. ಬಾಯಿ ಹೇಳದ್ದನ್ನು ಬಣ್ಣ ಹೇಳುತ್ತದೆ. ಒಂದು ಕಡೆ ಜೋರಾಗಿ ತಾಗಿತು.

"ಅಯ್ಯೋ ಕಟುಕ! ಜೀವ ತೆಗೀತೀಯೇನೋ?" ಎಂದು ಕಿರುಚಿದಳು ನಿನ್ನ ಚಿಕ್ಕಜ್ಜಿ. ಅವನು ಸ್ಟೂಲಿನ ಮೇಲೆ ಕುಸಿದು ಅಳುತ್ತಾ ನಕ್ಕ.

ಅಲ್ಲಿಗೆ ಎಲ್ಲ ಸರಿಹೋಯಿತು ಅಂತ ಬರೆಯಬೇಡ. ಅವಳಿಗೆ ಬೀದಿಗಳು ಮರಳಿ ಸಿಗಲಿಲ್ಲ, ಕಚೇರಿಯಲ್ಲಿ ಕೂತು ಕಾಗದ ವಿಂಗಡಿಸುತ್ತಾಳೆ. ಅವನು ಈಗಲೂ ರಿಬ್ಬನ್ ಕತ್ತರಿಸುತ್ತಾನೆ, ಈಗಲೂ ಕಾಲು ಮಾಡುತ್ತಾನೆ. ಆದರೆ ಇವಳು ನೋವು ಎಂದ ದಿನ ಅವನ ಮುಖ ಸುಟ್ಟ ಬದನೆಕಾಯಿ. ಅದನ್ನು ನೋಡಲಾರದೆ ಇವಳು ಮತ್ತೆ ಮುಚ್ಚಿಡಲು ಶುರು ಮಾಡಿದ್ದಾಳೆ. ಆಗ ಹೆದರಿಕೆಗೆ, ಈಗ ಕನಿಕರಕ್ಕೆ. ಮೂರು ದಿನದಿಂದ ಕುಂಟುತ್ತಿದ್ದಾಳೆ, ಕೇಳಿದರೆ ಚಪ್ಪಲಿ ಸರಿಯಿಲ್ಲ ಎನ್ನುತ್ತಾಳೆ. ನಿನ್ನೆ ರಾತ್ರಿ ಅವಳು ನಿದ್ದೆಹೋದಾಗ ನಾನೇ ಬರಿಬೆರಳಿನಿಂದ ಮುಟ್ಟಿ ನೋಡಿದೆ, ಒಂದು ಕಡೆ ಬಿಸಿಯಿದೆ.

ಆ ಪುಸ್ತಕ ಮುಚ್ಚಿಡು. ಎದ್ದು ಓಣಿಗೆ ಹೋಗಿ ಅವನಿಗೆ ಹೇಳಿ ಬಾ: ಮೊಣಕಾಲಿನಿಂದ ಎರಡು ಬೆರಳು ಕೆಳಗೆ, ಹೊರಮಗ್ಗುಲಿಗೆ, ಒತ್ತುತ್ತಿದೆ. ಅವನು ಊಟ ಮಾಡುತ್ತಿದ್ದರೆ ಮಾತ್ರ, ಮುಗಿಸುವವರೆಗೆ ಹೊರಗೆ ನಿಂತಿರು.